ಎರಡು ಗ್ರೈಂಡರು, ಮೂವತ್ತನಾಲ್ಕು ಆರ್ಡರು: ಕೆಲಸಗಳ ಸರದಿಗೆ ನಿರ್ಬಂಧ ಪ್ರೋಗ್ರಾಮಿಂಗ್ ಬಳಸುವುದು ಹೇಗೆ?

ಪ್ರಶ್ನೆ: ಪೀಣ್ಯದ ಯೋಜಕ

ನಮಸ್ಕಾರ. ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಮೆಷಿನ್ ಶಾಪಿನಲ್ಲಿ ಉತ್ಪಾದನಾ ಯೋಜನೆಯನ್ನು ನಾನು ನೋಡಿಕೊಳ್ಳುತ್ತೇನೆ. ಗೇರು ಮತ್ತು ಶಾಫ್ಟುಗಳನ್ನು ಜಾಬ್ ವರ್ಕ್ ಲೆಕ್ಕದಲ್ಲಿ ಮಾಡಿಕೊಡುವುದು ನಮ್ಮ ಕೆಲಸ. ಮೂರು ಸಿಎನ್‌ಸಿ ಲೇತ್, ಎರಡು ವಿಎಂಸಿ (ಲಂಬ ಮಿಲ್ಲಿಂಗ್ ಯಂತ್ರ), ಗೇರಿನ ಹಲ್ಲು ಕತ್ತರಿಸುವ ಒಂದು ಹಾಬಿಂಗ್ ಯಂತ್ರ, ಒಂದು ಸ್ಲಾಟಿಂಗ್ ಯಂತ್ರ ಮತ್ತು ಶಾಫ್ಟಿನ ದುಂಡು ಮೈಯನ್ನು ಉಜ್ಜಿ ನಿಖರ ಅಳತೆಗೆ ತರುವ ಎರಡು ಸಿಲಿಂಡ್ರಿಕಲ್ ಗ್ರೈಂಡರುಗಳಿವೆ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಎರಡು ಶಿಫ್ಟು ನಡೆಯುತ್ತದೆ, ಭಾನುವಾರ ರಜೆ. ಈಗ ಕೈಯಲ್ಲಿರುವುದು 34 ಆರ್ಡರುಗಳು. ಒಂದೊಂದಕ್ಕೂ ನಾಲ್ಕರಿಂದ ಆರು ಹಂತಗಳಿದ್ದು, ಅವು ಗೊತ್ತಾದ ಕ್ರಮದಲ್ಲೇ ನಡೆಯಬೇಕು: ಟರ್ನಿಂಗ್ ಆಗದೆ ಹಾಬಿಂಗ್ ಇಲ್ಲ, ಹೀಟ್ ಟ್ರೀಟ್‌ಮೆಂಟ್ ಆಗದೆ ಗ್ರೈಂಡಿಂಗ್ ಇಲ್ಲ. ಹೀಟ್ ಟ್ರೀಟ್‌ಮೆಂಟನ್ನು ಹೊರಗೆ ಮಾಡಿಸುತ್ತೇವೆ, ಅದಕ್ಕೆ ಎರಡು ದಿನ ಹಿಡಿಯುತ್ತದೆ.

ಇದುವರೆಗೆ ಸರದಿಯನ್ನು ಎಕ್ಸೆಲ್ ಹಾಳೆಯಲ್ಲಿ ಬಣ್ಣ ತುಂಬಿ ಹೊಂದಿಸುತ್ತಿದ್ದೆ. ಇಂಜಿನಿಯರಿಂಗ್ ಓದುವಾಗ ಕಲಿತಿದ್ದ ಪೂರ್ಣಾಂಕ ಪ್ರೋಗ್ರಾಮಿಂಗನ್ನು (ಪೂರ್ಣ ಸಂಖ್ಯೆಗಳ ಚರಗಳಿರುವ ಅಸಮೀಕರಣಗಳಿಂದ ಅತ್ಯುತ್ತಮ ಉತ್ತರ ಹುಡುಕುವ ವಿಧಾನ) ನೆನಪಿಸಿಕೊಂಡು ಕಳೆದ ತಿಂಗಳು ಒಂದು ಮಾದರಿ ಬರೆದೆ. ಒಂದೇ ಯಂತ್ರಕ್ಕೆ ಬರುವ ಪ್ರತಿಯೊಂದು ಜೋಡಿ ಕೆಲಸಕ್ಕೂ 'ಇದು ಮೊದಲೋ ಅದು ಮೊದಲೋ' ಎಂದು ಹೇಳುವ ಸೊನ್ನೆ-ಒಂದರ ಚರವನ್ನಿಟ್ಟು, ಪಠ್ಯಪುಸ್ತಕಗಳಲ್ಲಿರುವಂತೆ, ಆರಿಸದ ಕ್ರಮದ ಅಸಮೀಕರಣ ಅಡ್ಡಬಾರದಂತೆ ಮಾಡುವ ಬಿಗ್-ಎಂ ಎಂಬ ದೊಡ್ಡ ಸಂಖ್ಯೆಯನ್ನು ಸೇರಿಸಿದೆ. ಐದು ಆರ್ಡರು ಕೊಟ್ಟಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. 34 ಆರ್ಡರುಗಳನ್ನೂ ಕೊಟ್ಟಾಗ ಎರಡು ಗಂಟೆ ಓಡಿತು. ಆದರೂ ಅದಕ್ಕೆ ಸಿಕ್ಕಿದ ಅತ್ಯುತ್ತಮ ಸರದಿ 10 ಕೆಲಸದ ದಿನಗಳದ್ದಾಗಿತ್ತು, ಕೆಳಮಿತಿ (ಇದಕ್ಕಿಂತ ಬೇಗ ಯಾವ ಸರದಿಯೂ ಮುಗಿಯಲಾರದು ಎಂಬ ಖಚಿತ ಗಡಿ) ಮಾತ್ರ ಸುಮಾರು 3 ದಿನದಲ್ಲೇ ಅಂಟಿಕೊಂಡು ಕುಳಿತಿತ್ತು. 10 ದಿನದ ಸರದಿ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ಇಂಥ ಕೆಳಮಿತಿಯಿಂದ ಏನೂ ಪ್ರಯೋಜನವಾಗಲಿಲ್ಲ.

ಇಂಥ ಸಮಸ್ಯೆಗಳಿಗೆ ನಿರ್ಬಂಧ ಪ್ರೋಗ್ರಾಮಿಂಗ್, ಅಂದರೆ ಕನ್‌ಸ್ಟ್ರೇಂಟ್ ಪ್ರೋಗ್ರಾಮಿಂಗ್, ಹೆಚ್ಚು ಹೊಂದುತ್ತದೆ ಎಂದು ಓದಿದ್ದೇನೆ. ಅದು ಬೇರೆಯದೇ ರೀತಿಯಲ್ಲಿ ಯೋಚಿಸುತ್ತದೆಯೇ, ಇಲ್ಲವೇ ಅದೇ ಹುಡುಕಾಟವನ್ನು ಇನ್ನಷ್ಟು ವೇಗವಾಗಿ ಮಾಡುತ್ತದೆಯೇ? ಎರಡನೆಯದಾಗಿ, ನಮ್ಮಲ್ಲಿರುವ ತೊಡಕುಗಳನ್ನು ಅದರಲ್ಲಿ ಹೇಗೆ ಬರೆಯಬೇಕು? 600 ಮಿಲಿಮೀಟರಿಗಿಂತ ಉದ್ದದ ಶಾಫ್ಟು ದೊಡ್ಡ ಗ್ರೈಂಡರಿಗಷ್ಟೇ ಹಿಡಿಸುತ್ತದೆ, ಉಳಿದವು ಎರಡರಲ್ಲಿ ಯಾವುದಕ್ಕಾದರೂ ಹೋಗಬಹುದು. ಹಾಬಿಂಗಿನಲ್ಲಿ ಹಿಂದಿನ ಗೇರಿನ ಮಾಡ್ಯೂಲೇ (ಹಲ್ಲಿನ ಗಾತ್ರದ ಅಳತೆ) ಮುಂದಿನದಕ್ಕೂ ಇದ್ದರೆ ಸೆಟ್ಟಿಂಗಿಗೆ, ಅಂದರೆ ಯಂತ್ರವನ್ನು ಮುಂದಿನ ಕೆಲಸಕ್ಕೆ ಸಜ್ಜುಗೊಳಿಸಲು, 20 ನಿಮಿಷ ಸಾಕು, ಮಾಡ್ಯೂಲ್ ಬದಲಾದರೆ ಒಂದೂವರೆ ಗಂಟೆ ಬೇಕು. ಸೆಟ್ಟಿಂಗ್ ಮಾಡಬಲ್ಲವರು ಒಂದು ಶಿಫ್ಟಿಗೆ ಇಬ್ಬರೇ ಇದ್ದಾರೆ. ಇವನ್ನೆಲ್ಲ ಕೈಬಿಟ್ಟು ಬರೆದ ಸರದಿಯನ್ನು ನಮ್ಮ ಸೂಪರ್‌ವೈಸರ್ ಮುಂದಿಡಲು ನನಗೆ ಮನಸ್ಸು ಬರುತ್ತಿಲ್ಲ.

ಉತ್ತರ 1: ಸರಪಣಿ

ನಿಮ್ಮ ಮೊದಲ ಪ್ರಶ್ನೆಯನ್ನೇ ಹಿಡಿದು ಬರೆಯುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸಿಕ್ಕಿದರೆ ಎರಡನೆಯದು ಅರ್ಧದಷ್ಟು ತಾನೇ ಬಿಡಿಸಿಕೊಳ್ಳುತ್ತದೆ. ನಿರ್ಬಂಧ ಪ್ರೋಗ್ರಾಮಿಂಗ್ ಬೇರೆಯ ರೀತಿಯಲ್ಲೇ ಯೋಚಿಸುತ್ತದೆ.

ನಿಮ್ಮ ಮಾದರಿ ನಿಂತುಬಿಟ್ಟದ್ದು ಎಲ್ಲಿ ಎಂದು ಮೊದಲು ನೋಡೋಣ. ಜೋಡಿಗೊಂದು ಚರವಿಡುವ ಈ ಬರವಣಿಗೆ 1960ರಲ್ಲಿ ಆಲನ್ ಮ್ಯಾನ್ ಬರೆದ ಲೇಖನದಷ್ಟು ಹಳೆಯದು. ಪೂರ್ಣಾಂಕ ಸಾಲ್ವರು (ಮಾದರಿಗೆ ಉತ್ತರ ಹುಡುಕುವ ತಂತ್ರಾಂಶ) ಕೆಳಮಿತಿಯನ್ನು ಲೆಕ್ಕ ಹಾಕುವಾಗ ಸೊನ್ನೆ ಅಥವಾ ಒಂದು ಎಂಬ ಕಟ್ಟುಪಾಡನ್ನು ತಾತ್ಕಾಲಿಕವಾಗಿ ಸಡಿಲಿಸಿ, ಅರ್ಧ, ಕಾಲು ಎಂಬ ಬೆಲೆಗಳಿಗೂ ಅವಕಾಶ ಕೊಡುತ್ತದೆ. 6 ಗಂಟೆಯ ಒಂದು ಕೆಲಸ, 5 ಗಂಟೆಯ ಇನ್ನೊಂದು, ಬಿಗ್-ಎಂ ಬೆಲೆ 100 ಎಂದಿಟ್ಟುಕೊಳ್ಳಿ. ಚರಕ್ಕೆ ಅರ್ಧ ಎಂಬ ಬೆಲೆ ಕೊಟ್ಟ ಕೂಡಲೇ ಒಂದು ಅಸಮೀಕರಣ '6 ಎನ್ನುವುದು 50ಕ್ಕಿಂತ ಕಡಿಮೆ ಇರಲಿ' ಎನ್ನುತ್ತದೆ, ಇನ್ನೊಂದು '5 ಎನ್ನುವುದು 50ಕ್ಕಿಂತ ಕಡಿಮೆ ಇರಲಿ' ಎನ್ನುತ್ತದೆ. ಎರಡು ಕೆಲಸಗಳೂ ಒಂದೇ ಗ್ರೈಂಡರಿನ ಮೇಲೆ ಒಂದೇ ಕ್ಷಣದಲ್ಲಿ ಶುರುವಾದರೂ ಸಾಲ್ವರಿಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಹೀಗೆ ಎಲ್ಲ ಜೋಡಿಗಳೂ ಒಂದರ ಮೇಲೊಂದು ಬಿದ್ದುಕೊಂಡಿದ್ದರೆ ಉಳಿಯುವ ಕೆಳಮಿತಿ ಯಾವುದು? ಯಂತ್ರಕ್ಕಾಗಿ ಕಾಯುವ ಪ್ರಮೇಯವೇ ಇಲ್ಲದಿದ್ದರೆ ಅತಿ ಉದ್ದದ ಒಂದು ಆರ್ಡರಿಗೆ ಹಿಡಿಯುವ ಕಾಲ, ಅಷ್ಟೇ. ನಿಮಗೆ ಕಂಡ 3 ದಿನ ಬಹುಶಃ ಅದೇ ಇರಬೇಕು. ಹೀಟ್ ಟ್ರೀಟ್‌ಮೆಂಟಿನ ಎರಡು ದಿನ ಸೇರಿಸಿ ಒಮ್ಮೆ ಕೂಡಿ ನೋಡಿ.

ಇನ್ನು ನಿರ್ಬಂಧ ಪ್ರೋಗ್ರಾಮಿಂಗಿನ ದಾರಿ. ಇಲ್ಲಿ ಪ್ರತಿಯೊಂದು ಹಂತವೂ ಒಂದು ಕಾಲಖಂಡ, ಅಂದರೆ ಇಂಟರ್ವಲ್ ಚರ. ಅದಕ್ಕೆ ಆರಂಭ, ಅವಧಿ, ಅಂತ್ಯ ಎಂಬ ಮೂರು ಅಂಗಗಳಿವೆ. ಆರಂಭಕ್ಕೆ ಒಂದು ವ್ಯಾಪ್ತಿ ಇರುತ್ತದೆ: 'ಇಷ್ಟಕ್ಕಿಂತ ಮೊದಲಲ್ಲ, ಇಷ್ಟಕ್ಕಿಂತ ತಡವಲ್ಲ'. ಯಂತ್ರದ ಬಗ್ಗೆ 'ಈ ಖಂಡಗಳು ಒಂದರ ಮೇಲೊಂದು ಬೀಳಬಾರದು' ಎಂದು ಒಂದೇ ಸಾಲಿನಲ್ಲಿ ಹೇಳುತ್ತೇವೆ. ಇದಕ್ಕೆ ನೋ-ಓವರ್‌ಲ್ಯಾಪ್ ಎಂದು ಹೆಸರು. ಆ ಒಂದು ಸಾಲಿನ ಹಿಂದೆ, ಯಂತ್ರದ ಎಲ್ಲ ಕೆಲಸಗಳನ್ನೂ ಒಟ್ಟಿಗೆ ಕಣ್ಣ ಮುಂದಿಟ್ಟುಕೊಂಡು ವ್ಯಾಪ್ತಿಗಳನ್ನು ಕತ್ತರಿಸುವ ವಿಧಾನಗಳು ಕೆಲಸ ಮಾಡುತ್ತಿರುತ್ತವೆ.

ಒಂದು ಲೆಕ್ಕ ಮಾಡಿಯೇ ತೋರಿಸುತ್ತೇನೆ. ಒಂದು ಗ್ರೈಂಡರಿಗೆ ಮೂರು ಕೆಲಸಗಳಿವೆ ಎನ್ನಿ. 'ಕ' ಕೆಲಸಕ್ಕೆ 6 ಗಂಟೆ ಬೇಕು, ಅದು 0ನೆಯ ಗಂಟೆಯಿಂದ ಶುರುವಾಗಬಹುದು, 17ನೆಯ ಗಂಟೆಯೊಳಗೆ ಮುಗಿಯಬೇಕು. 'ಖ' ಕೆಲಸಕ್ಕೆ 5 ಗಂಟೆ, 'ಗ' ಕೆಲಸಕ್ಕೆ 4 ಗಂಟೆ. ಇವೆರಡೂ 1ನೆಯ ಗಂಟೆಗೆ ಮೊದಲು ಶುರುವಾಗಲಾರವು, 11ನೆಯ ಗಂಟೆಯೊಳಗೆ ಮುಗಿಯಲೇಬೇಕು. ಜೋಡಿ ಜೋಡಿಯಾಗಿ ನೋಡಿದರೆ ಎಲ್ಲಿಯೂ ತೊಂದರೆ ಕಾಣುವುದಿಲ್ಲ. 'ಕ' ಮೊದಲು ಹೋಗಿ 6ಕ್ಕೆ ಮುಗಿದರೆ 'ಖ' 6ರಿಂದ 11ರವರೆಗೆ ಹಿಡಿಸುತ್ತದೆ, ಅದೇ ರೀತಿ 'ಗ' 6ರಿಂದ 10ರವರೆಗೆ ಹಿಡಿಸುತ್ತದೆ. ಮೂರನ್ನೂ ಒಟ್ಟಿಗೆ ನೋಡಿದಾಗ ಸಂಗತಿ ಬೇರೆಯಾಗುತ್ತದೆ. 'ಕ' ಕೊನೆಯದಲ್ಲ ಎಂದಾದರೆ ಮೂರೂ 11ನೆಯ ಗಂಟೆಯೊಳಗೆ ಮುಗಿಯಬೇಕು, ಆದರೆ ಮೂರರ ಮೊತ್ತ 15 ಗಂಟೆ. ಹಾಗಾಗಿ 'ಕ' ಕೊನೆಯದೇ ಆಗಬೇಕು. 'ಖ' ಮತ್ತು 'ಗ' 1ನೆಯ ಗಂಟೆಗೆ ಶುರುವಾದರೂ 9 ಗಂಟೆ ತೆಗೆದುಕೊಳ್ಳುವುದರಿಂದ 'ಕ' 10ನೆಯ ಗಂಟೆಗೆ ಮೊದಲು ಶುರುವಾಗಲಾರದು. 0ಯಿಂದ 11ರವರೆಗೆ ಹರಡಿಕೊಂಡಿದ್ದ ಅದರ ಆರಂಭದ ವ್ಯಾಪ್ತಿ, ಒಂದು ಸಾಧ್ಯತೆಯನ್ನೂ ಪರೀಕ್ಷಿಸಿ ನೋಡದೆಯೇ, 10ರಿಂದ 11ಕ್ಕೆ ಕುಗ್ಗಿತು. ಇದಕ್ಕೆ ಎಡ್ಜ್-ಫೈಂಡಿಂಗ್ ಎನ್ನುತ್ತಾರೆ. 'ಕ' ತಡವಾದ ಸುದ್ದಿ ಆ ಆರ್ಡರಿನ ಮುಂದಿನ ಹಂತಕ್ಕೆ ತಲುಪುತ್ತದೆ, ಆ ಹಂತದ ಯಂತ್ರದಲ್ಲಿ ಇನ್ನೊಂದು ತೀರ್ಮಾನಕ್ಕೆ ಕಾರಣವಾಗುತ್ತದೆ, ಹೀಗೆ ಸುದ್ದಿ ಶಾಪಿನುದ್ದಕ್ಕೂ ಹರಿಯುತ್ತದೆ. ಈ ಹರಿವೇ ನಿರ್ಬಂಧ ಪ್ರೋಗ್ರಾಮಿಂಗಿನ ಜೀವಾಳ.

ಈ ಬಗೆಯ ತರ್ಕಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ಒಂದು ಹಳೆಯ ನಿದರ್ಶನವಿದೆ. 1963ರಲ್ಲಿ ಫಿಶರ್ ಮತ್ತು ಥಾಂಪ್ಸನ್ ಹತ್ತು ಕೆಲಸ, ಹತ್ತು ಯಂತ್ರಗಳ ಒಂದು ಸಮಸ್ಯೆಯನ್ನು ಪ್ರಕಟಿಸಿದರು. ಯಂತ್ರಕ್ಕೆ 45 ಜೋಡಿಯಂತೆ ಒಟ್ಟು 450 ಜೋಡಿಗಳು, ಅಷ್ಟೇ. ಆದರೂ ಅದರ ಉತ್ತರ, ಅಂದರೆ ಎಲ್ಲ ಕೆಲಸಗಳೂ ಮುಗಿಯಲು ಬೇಕಾದ ಕನಿಷ್ಠ ಕಾಲ, 930 ಮಾನ ಎಂಬುದು ಸಾಬೀತಾಗಲು 1989ರವರೆಗೆ ಕಾಯಬೇಕಾಯಿತು. ಸಾಬೀತು ಮಾಡಿದ ಕಾರ್ಲಿಯೆ ಮತ್ತು ಪಿನ್ಸನ್ ಬಳಸಿದ್ದು ಮೇಲೆ ಹೇಳಿದಂಥ ತರ್ಕವನ್ನೇ. ಇಂದು ಗೂಗಲ್ ಉಚಿತವಾಗಿ ಕೊಡುವ ಓಆರ್-ಟೂಲ್ಸ್ ಕಟ್ಟಿನಲ್ಲಿರುವ ಸಿಪಿ-ಸ್ಯಾಟ್ ಸಾಲ್ವರು ಸಾಧಾರಣ ಲ್ಯಾಪ್‌ಟಾಪಿನಲ್ಲಿ ಅದನ್ನು ಕೆಲವೇ ಸೆಕೆಂಡುಗಳಲ್ಲಿ ಮುಗಿಸುತ್ತದೆ. ಅದು ಇಷ್ಟು ವೇಗ ಪಡೆದದ್ದಕ್ಕೆ ಇನ್ನೊಂದು ಕಾರಣವೂ ಇದೆ: ಹುಡುಕಾಟ ಎಲ್ಲಿಯಾದರೂ ಮುಗ್ಗರಿಸಿದರೆ ಅದು ಬರಿದೇ ಹಿಂದಕ್ಕೆ ಬರುವುದಿಲ್ಲ. ಯಾವ ಯಾವ ತೀರ್ಮಾನಗಳು ಸೇರಿ ಮುಗ್ಗರಿಸುವಂತೆ ಮಾಡಿದವು ಎಂದು ಪತ್ತೆ ಹಚ್ಚಿ, ಆ ಕೂಟ ಮತ್ತೊಮ್ಮೆ ಬಾರದಂತೆ ಒಂದು ಹೊಸ ನಿಯಮವನ್ನು ಬರೆದಿಟ್ಟುಕೊಳ್ಳುತ್ತದೆ. ಒಂದು ತಪ್ಪಿನಿಂದ ಕಲಿತದ್ದು ಹುಡುಕಾಟದ ಮರದ ಬೇರೆ ಕೊಂಬೆಗಳಲ್ಲೂ ಉಪಯೋಗಕ್ಕೆ ಬರುತ್ತದೆ.

ಎರಡು ಗ್ರೈಂಡರುಗಳ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಯಾವುದಕ್ಕಾದರೂ ಹೋಗಬಹುದಾದ ಕೆಲಸಕ್ಕೆ ಎರಡು ಐಚ್ಛಿಕ ಕಾಲಖಂಡಗಳನ್ನಿಟ್ಟು, ಎರಡರಲ್ಲಿ ಒಂದು ಮಾತ್ರ ಜಾರಿಯಲ್ಲಿರಲಿ ಎಂದು ಬರೆಯುತ್ತಾರೆ. ಉದ್ದದ ಶಾಫ್ಟಿಗೆ ಒಂದೇ ಖಂಡ ಸಾಕು. ಆದರೆ ಯಾವ ಕೆಲಸ ಯಾವ ಗ್ರೈಂಡರಿಗೆ ಎಂಬುದು ಗೊತ್ತಾಗುವವರೆಗೆ ನೋ-ಓವರ್‌ಲ್ಯಾಪಿಗೆ ತರ್ಕ ನಡೆಸಲು ಹಿಡಿಯೇ ಸಿಗುವುದಿಲ್ಲ, ಖಂಡವೇ ಇಲ್ಲದಿರಬಹುದಲ್ಲ. ಆದ್ದರಿಂದ, 'ಎರಡೂ ಗ್ರೈಂಡರು ಸೇರಿದರೆ ಯಾವ ಕ್ಷಣದಲ್ಲೂ ಎರಡಕ್ಕಿಂತ ಹೆಚ್ಚು ಕೆಲಸ ನಡೆಯಲಾರದು' ಎಂಬ ಮಾತನ್ನು ಸಾಮರ್ಥ್ಯ 2 ಇರುವ ಕ್ಯುಮ್ಯುಲೇಟಿವ್ ನಿರ್ಬಂಧವಾಗಿ ಪ್ರತ್ಯೇಕವಾಗಿ ಬರೆಯಿರಿ. ತರ್ಕದ ದೃಷ್ಟಿಯಿಂದ ಅದು ಹೊಸದೇನನ್ನೂ ಹೇಳುವುದಿಲ್ಲ, ಆದರೆ ಸಾಲ್ವರಿಗೆ ಅದು ಮೊದಲ ನಿಮಿಷದಿಂದಲೇ ಕಾಣುತ್ತದೆ. ನೀವೂ ಗ್ರೈಂಡಿಂಗಿನ ಒಟ್ಟು ಗಂಟೆಗಳನ್ನು ಕಾಗದದ ಮೇಲೆ ಕೂಡಿ, ಎರಡು ಯಂತ್ರಗಳು ದಿನಕ್ಕೆ ದುಡಿಯುವ 32 ಗಂಟೆಯಿಂದ ಭಾಗಿಸಿ. ಬರುವ ಸಂಖ್ಯೆ ನಿಮ್ಮ 3 ದಿನಕ್ಕಿಂತ ಎಷ್ಟೋ ಸತ್ಯಕ್ಕೆ ಹತ್ತಿರವಾದ ಕೆಳಮಿತಿಯಾಗಿರುತ್ತದೆ.

ಉತ್ತರ 2: ಹಾಬ್ ಮತ್ತು ಹಲ್ಲು

ಸೆಟ್ಟಿಂಗಿನ ಬಗ್ಗೆ ಹಿಂದಿನ ಉತ್ತರದಲ್ಲಿ ಬಂದಿಲ್ಲದ್ದರಿಂದ ಅದನ್ನಷ್ಟೇ ಬರೆಯುತ್ತೇನೆ. ಹಾಬಿಂಗ್ ಸರದಿಯ ಮೇಲೆ ಹಲವು ವರ್ಷ ಕೆಲಸ ಮಾಡಿದ ಅನುಭವದಿಂದ ಹೇಳುತ್ತಿದ್ದೇನೆ.

ಸೆಟ್ಟಿಂಗ್ ಸಮಯ ಹಿಂದಿನ ಕೆಲಸವನ್ನು ಅವಲಂಬಿಸಿರುವ ಕಡೆ ಮಾತ್ರ ಅದನ್ನು ಹಾಗೆ ಬರೆಯಿರಿ. ಸಿಎನ್‌ಸಿ ಲೇತಿನಲ್ಲಿ ಚಕ್ ಜಾ ಬದಲಿಸಿ ಆಫ್‌ಸೆಟ್ ಹಾಕುವ ಸಮಯ ಹೆಚ್ಚು ಕಡಿಮೆ ಒಂದೇ ಇರುತ್ತದೆ ಎಂದಾದರೆ ಅದನ್ನು ಆ ಹಂತದ ಅವಧಿಯೊಳಗೇ ಸೇರಿಸಿಬಿಡಿ. ಹಾಬಿಂಗ್ ಯಂತ್ರಕ್ಕೆ ಮಾತ್ರ ಸರಪಳಿಯ ಮಾದರಿ ಬೇಕು. ಸಿಪಿ-ಸ್ಯಾಟ್‌ನಲ್ಲಿ ಇದನ್ನು ಸರ್ಕ್ಯೂಟ್ ಎಂಬ ನಿರ್ಬಂಧದಿಂದ ಬರೆಯುತ್ತಾರೆ: ಪ್ರತಿಯೊಂದು ಗೇರೂ ಒಂದು ನಿಲ್ದಾಣ, 'ಇದರ ಹಿಂದೆಯೇ ಅದು' ಎನ್ನುವುದು ಒಂದು ರಸ್ತೆ, ಎಲ್ಲ ನಿಲ್ದಾಣಗಳನ್ನೂ ಒಮ್ಮೊಮ್ಮೆ ಮುಟ್ಟಿ ಬರುವ ಒಂದೇ ಸುತ್ತು ಇರಬೇಕು. ರಸ್ತೆಯನ್ನು ಆರಿಸಿದರೆ ಮುಂದಿನ ಗೇರಿನ ಆರಂಭವು ಹಿಂದಿನದರ ಅಂತ್ಯಕ್ಕೆ 20 ನಿಮಿಷವನ್ನೋ 90 ನಿಮಿಷವನ್ನೋ ಕೂಡಿಸಿದಷ್ಟಾದರೂ ಇರಬೇಕು. 22 ಗೇರುಗಳಿದ್ದರೆ ಅವುಗಳ ನಡುವೆ 462 ರಸ್ತೆಗಳಾಗುತ್ತವೆ, ಆರಂಭ ಮತ್ತು ಅಂತ್ಯವನ್ನು ಗುರುತಿಸುವ ಕಾಲ್ಪನಿಕ ನಿಲ್ದಾಣಕ್ಕೆ ಇನ್ನೂ 44. ಒಂದು ಯಂತ್ರಕ್ಕೆ ಇದು ಹೊರೆಯೇನಲ್ಲ. ಒಂಬತ್ತು ಯಂತ್ರಗಳಿಗೂ ಹೀಗೆಯೇ ಬರೆದರೆ ಮಾದರಿ ಭಾರವಾಗುತ್ತದೆ, ಲಾಭವೂ ಇರುವುದಿಲ್ಲ. ಸರ್ಕ್ಯೂಟ್ ಬಂತೆಂದು ನೋ-ಓವರ್‌ಲ್ಯಾಪನ್ನು ತೆಗೆದುಹಾಕಬೇಡಿ. ಎಡ್ಜ್-ಫೈಂಡಿಂಗ್ ನಡೆಯುವುದು ಅದರಲ್ಲೇ.

ಐಬಿಎಂನ ಸಿಪಿ ಆಪ್ಟಿಮೈಸರಿನಲ್ಲಿ ಇದು ಇನ್ನೂ ಸಲೀಸು, ಏಕೆಂದರೆ ಅಲ್ಲಿ ಸರದಿಗೇ ಒಂದು ಚರವಿದ್ದು, ಸೆಟ್ಟಿಂಗ್ ಕೋಷ್ಟಕವನ್ನು ನೋ-ಓವರ್‌ಲ್ಯಾಪಿಗೆ ನೇರವಾಗಿ ಕೊಡಬಹುದು. ಆದರೆ ಅದಕ್ಕೆ ಪರವಾನಗಿ ಬೇಕು.

ಇಬ್ಬರೇ ಸೆಟ್ಟರುಗಳಿರುವ ತೊಡಕಿಗೆ ಪ್ರತಿಯೊಂದು ಹಂತವನ್ನೂ ಎರಡು ಖಂಡವಾಗಿ ಒಡೆಯಬೇಕು: ಮೊದಲು ಸೆಟ್ಟಿಂಗ್, ಅದಕ್ಕೆ ಅಂಟಿಕೊಂಡಂತೆ ಓಟ. ಯಂತ್ರಕ್ಕೆ ಎರಡೂ ಸೇರುತ್ತವೆ, ಸೆಟ್ಟರುಗಳ ಕ್ಯುಮ್ಯುಲೇಟಿವ್ ನಿರ್ಬಂಧಕ್ಕೆ ಸೆಟ್ಟಿಂಗ್ ಖಂಡಗಳು ಮಾತ್ರ ಸೇರುತ್ತವೆ, ಅದರ ಸಾಮರ್ಥ್ಯ 2. ಈ ಒಂದು ಬದಲಾವಣೆಯಿಂದ ಬರುವ ಸರದಿಯ ಸ್ವರೂಪವೇ ಬೇರೆಯಾಗುತ್ತದೆ. ಬೆಳಿಗ್ಗೆ 6ಕ್ಕೆ ಒಂಬತ್ತೂ ಯಂತ್ರಗಳಲ್ಲಿ ಹೊಸ ಕೆಲಸ ಶುರುವಾಗುವ ಸರದಿ ಕಾಗದದ ಮೇಲೆ ಅಂದವಾಗಿ ಕಾಣುತ್ತದೆ, ಆದರೆ ಶಾಪಿನಲ್ಲಿ ಏಳು ಯಂತ್ರಗಳು ಸೆಟ್ಟರನ್ನು ಎದುರು ನೋಡುತ್ತಾ ನಿಂತಿರುತ್ತವೆ. ಸೆಟ್ಟರುಗಳನ್ನು ಮಾದರಿಗೆ ತಂದ ಮೇಲೆ ಸಾಲ್ವರು ತಾನಾಗಿಯೇ ಸೆಟ್ಟಿಂಗುಗಳನ್ನು ಶಿಫ್ಟಿನುದ್ದಕ್ಕೂ ಹಂಚುತ್ತದೆ, ಹಿಂದಿನ ರಾತ್ರಿಯೇ ಕೆಲವನ್ನು ಮುಗಿಸಿಡುತ್ತದೆ.

ಸಿಪಿ-ಸ್ಯಾಟ್ ಪೂರ್ಣಾಂಕಗಳನ್ನಷ್ಟೇ ಒಪ್ಪುತ್ತದೆ. ಐದು ನಿಮಿಷವನ್ನು ಒಂದು ಮಾನವಾಗಿಟ್ಟುಕೊಂಡು ಅವಧಿಗಳನ್ನು ಮೇಲಕ್ಕೆ ದುಂಡಾಗಿಸಿ.

ಉತ್ತರ 3: ಹಳೆಯ ಟರ್ನರ್

ಲೆಕ್ಕದ ಒಳಮನೆಯನ್ನು ಮೇಲಿನ ಇಬ್ಬರೂ ಚೆನ್ನಾಗಿ ವಿವರಿಸಿದ್ದಾರೆ. ನಾನು ಇಪ್ಪತ್ತು ವರ್ಷ ಶಾಪ್ ಫ್ಲೋರಿನಲ್ಲಿದ್ದು ಆಮೇಲೆ ಯೋಜನೆಯ ಕಡೆಗೆ ಬಂದವನು. ನನ್ನ ಆತಂಕವೆಲ್ಲ ನೀವು ಸಾಲ್ವರಿಗೆ ಏನನ್ನು ಕಡಿಮೆ ಮಾಡು ಎಂದು ಹೇಳುತ್ತೀರಿ ಎಂಬುದರ ಬಗ್ಗೆಯೇ ಇದೆ.

ಎಲ್ಲ ಕೆಲಸಗಳೂ ಮುಗಿಯುವ ಕಾಲವನ್ನು, ಅಂದರೆ ಮೇಕ್‌ಸ್ಪ್ಯಾನನ್ನು, ಕಡಿಮೆ ಮಾಡಲು ಹೇಳಿದ್ದೀರಿ. ಪರೀಕ್ಷಾ ಸಮಸ್ಯೆಗಳಲ್ಲಿ ಅದೇ ರೂಢಿ. ಆದರೆ ನಿಮಗೆ ಆರ್ಡರ್ ಕೊಟ್ಟ ಯಾವ ಪಾರ್ಟಿಗೂ 34ನೆಯ ಆರ್ಡರು ಎಂದು ಮುಗಿಯುತ್ತದೆ ಎಂಬ ಚಿಂತೆಯಿಲ್ಲ, ತಮ್ಮದು ಹೇಳಿದ ದಿನಕ್ಕೆ ಬಂದರೆ ಸಾಕು. ಮೇಕ್‌ಸ್ಪ್ಯಾನ್ ಮಾತ್ರ ಕೊಟ್ಟರೆ ಬುಧವಾರ ಹೋಗಬೇಕಾದ ಮಾಲನ್ನು ಸಾಲ್ವರು ನಿರಾತಂಕವಾಗಿ ಶನಿವಾರಕ್ಕೆ ತಳ್ಳುತ್ತದೆ, ಏಕೆಂದರೆ ಅದರಿಂದ ಕೊನೆಯ ದಿನ ಬದಲಾಗುವುದಿಲ್ಲ.

ಆದ್ದರಿಂದ ತಡವನ್ನು ಅಳೆಯಿರಿ. ಪ್ರತಿ ಆರ್ಡರಿಗೂ ತಡ ಎಂಬ ಒಂದು ಚರವಿರಲಿ, ಅದು ಸೊನ್ನೆಗಿಂತ ಕಡಿಮೆಯಾಗದಿರಲಿ, ಅಂತ್ಯದಿಂದ ಗಡುವನ್ನು ಕಳೆದಷ್ಟಕ್ಕಿಂತಲೂ ಕಡಿಮೆಯಾಗದಿರಲಿ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಲ್ಲ ಆರ್ಡರುಗಳ ತಡವನ್ನೂ ಕೂಡಿ ಆ ಮೊತ್ತವನ್ನು ಕಡಿಮೆ ಮಾಡು ಎಂದರೆ ಕೆಳಮಿತಿ ಮತ್ತೆ ದುರ್ಬಲವಾಗುತ್ತದೆ. ಮೊತ್ತ ಇಷ್ಟಕ್ಕಿಂತ ಕಡಿಮೆ ಇರಬೇಕು ಎಂಬ ಮಾತಿನಿಂದ ಯಾವ ಒಂದು ಆರ್ಡರಿನ ಬಗ್ಗೆಯೂ ಗಟ್ಟಿಯಾದ ತೀರ್ಮಾನ ಹೊರಡುವುದಿಲ್ಲ, ಏಕೆಂದರೆ ಒಂದು ತಡವಾದರೆ ಇನ್ನೊಂದು ಬೇಗ ಮುಗಿದೀತು ಎಂಬ ಅವಕಾಶ ಸದಾ ಇರುತ್ತದೆ. ನಾನು ಎರಡು ಸುತ್ತಿನಲ್ಲಿ ಮಾಡುತ್ತೇನೆ. ಮೊದಲ ಸುತ್ತಿನಲ್ಲಿ ಅತಿ ಹೆಚ್ಚು ತಡವಾಗುವ ಆರ್ಡರಿನ ತಡವನ್ನು ಕಡಿಮೆ ಮಾಡುತ್ತೇನೆ. ಇದು ಮೇಕ್‌ಸ್ಪ್ಯಾನಿನಂತೆಯೇ ವರ್ತಿಸುತ್ತದೆ, ಪ್ರತಿ ಆರ್ಡರಿಗೂ ನೇರವಾದ ಗಡುವಾಗಿ ಮಾರ್ಪಡುತ್ತದೆ, ಸಾಲ್ವರಿಗೆ ಹಿಡಿ ಸಿಗುತ್ತದೆ. ಯಂತ್ರ ಒಂದೇ ಆಗಿದ್ದು ಎಲ್ಲ ಕೆಲಸಗಳೂ ಸಿದ್ಧವಾಗಿದ್ದರೆ ಗಡುವಿನ ಕ್ರಮದಲ್ಲಿ ಮಾಡಿಕೊಂಡು ಹೋದರೆ ಸಾಕು ಎಂದು 1955ರಲ್ಲೇ ಜಾಕ್ಸನ್ ತೋರಿಸಿಕೊಟ್ಟಿದ್ದಾರೆ. ಯಂತ್ರಗಳು ಹೆಚ್ಚಾದಾಗ ಸಾಲ್ವರು ಬೇಕಾಗುತ್ತದೆ. ಎರಡನೆಯ ಸುತ್ತಿನಲ್ಲಿ ಆ ಮಿತಿಯನ್ನು ಭದ್ರಪಡಿಸಿ, ಪಾರ್ಟಿಗಳ ತೂಕಕ್ಕೆ ತಕ್ಕಂತೆ ತಡಗಳ ಮೊತ್ತವನ್ನು ಹತ್ತು ನಿಮಿಷದ ಗಡಿಯಿಟ್ಟು ಕಡಿಮೆ ಮಾಡುತ್ತೇನೆ. ಮೊದಲ ಸುತ್ತಿನ ಸರದಿಯನ್ನೇ ಸುಳಿವಾಗಿ ಕೊಟ್ಟರೆ ಎರಡನೆಯದು ಬರಿಗೈಯಲ್ಲಿ ಆರಂಭವಾಗುವುದಿಲ್ಲ.

ಇನ್ನೊಂದು ಸಂಗತಿ. ನಾಳೆ ಬೆಳಿಗ್ಗೆ ಒಬ್ಬ ಆಪರೇಟರ್ ರಜೆ ಹಾಕುತ್ತಾರೆ, ಒಂದು ಇನ್‌ಸರ್ಟ್ ಪೆಟ್ಟಿಗೆ ಬಂದಿರುವುದಿಲ್ಲ, ನೀವು ಸಾಲ್ವರನ್ನು ಮತ್ತೆ ಓಡಿಸುತ್ತೀರಿ. ಮುಂದಿನ ಎಂಟು ಗಂಟೆಯ ಕೆಲಸಗಳನ್ನು ಇದ್ದಂತೆಯೇ ಸ್ಥಿರಗೊಳಿಸಿ, ಆಮೇಲಿನದನ್ನು ಮಾತ್ರ ಬದಲಿಸಲು ಬಿಡಿ. ಇಲ್ಲವಾದರೆ ತಡದಲ್ಲಿ ಐದು ನಿಮಿಷ ಉಳಿಸಲು ಅದು ಫಿಕ್ಸ್ಚರ್ ಕಟ್ಟಿ ಡಯಲ್ ಹಿಡಿದು ನಿಂತ ಕೆಲಸವನ್ನು ಇಳಿಸಿ ಬೇರೆಯದನ್ನು ಏರಿಸು ಎನ್ನುತ್ತದೆ. ಹಾಗೆ ಒಂದು ಸಲ ಆದರೆ ಸೆಟ್ಟರುಗಳು ಆ ಹಾಳೆಯ ಮೇಲೆ ಮತ್ತೆ ನಂಬಿಕೆ ಇಡುವುದಿಲ್ಲ, ಮತ್ತು ಅವರು ನಂಬದ ಸರದಿ ಗೋಡೆಯ ಮೇಲೆಯೇ ಉಳಿಯುತ್ತದೆ.

ಮರುಪ್ರಶ್ನೆ: ಪೀಣ್ಯದ ಯೋಜಕ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಒಂದು ವಾರ ಕುಳಿತು ಸಿಪಿ-ಸ್ಯಾಟ್‌ನಲ್ಲಿ ಮಾದರಿಯನ್ನು ಹೊಸದಾಗಿ ಬರೆದೆ.

ಮೊದಲು ಕಾಗದದ ಲೆಕ್ಕ. ಗ್ರೈಂಡಿಂಗಿನ ಒಟ್ಟು ಹೊರೆ 236 ಗಂಟೆ ಬಂತು. 32ರಿಂದ ಭಾಗಿಸಿದರೆ 7.4 ದಿನ. ಹಳೆಯ ಮಾದರಿಯ 3 ದಿನ ನಿಜಕ್ಕೂ ಅತಿ ಉದ್ದದ ಒಂದು ಆರ್ಡರಿನ ಉದ್ದವೇ ಆಗಿತ್ತು. ಎರಡು ಗಂಟೆ ಕಂಪ್ಯೂಟರನ್ನು ಓಡಿಸಿದರೂ ತಿಳಿಯದಿದ್ದದ್ದು ಒಂದು ಕೂಡುವ ಲೆಕ್ಕದಿಂದ ತಿಳಿಯಿತು ಎಂಬುದನ್ನು ಇನ್ನೂ ಅರಗಿಸಿಕೊಳ್ಳುತ್ತಿದ್ದೇನೆ. ಗಡುವುಗಳನ್ನು ಕಡ್ಡಾಯ ಎಂದು ಬರೆದಾಗ ಅಸಾಧ್ಯ ಎಂಬ ಉತ್ತರ ತಕ್ಷಣ ಬಂತು, ಏಕೆಂದರೆ ಮೂರು ಆರ್ಡರುಗಳ ಗಡುವು ಆಗಲೇ ದಾಟಿಹೋಗಿತ್ತು. ಅವನ್ನು ತಡದ ಚರಗಳಾಗಿ ಬದಲಿಸಿದ ಮೇಲೆ ಸರಿಹೋಯಿತು. ಹೋಲಿಸಿ ನೋಡಲೆಂದು ಮೇಕ್‌ಸ್ಪ್ಯಾನನ್ನೂ ಓಡಿಸಿದೆ: ಹತ್ತು ನಿಮಿಷದಲ್ಲಿ 9 ದಿನದ ಸರದಿ, 8 ದಿನದ ಕೆಳಮಿತಿ. ಕ್ಯುಮ್ಯುಲೇಟಿವ್ ನಿರ್ಬಂಧವನ್ನು ತೆಗೆದು ಓಡಿಸಿದಾಗ ಕೆಳಮಿತಿ ಬಹಳ ಹೊತ್ತು ಮೇಲೇಳಲೇ ಇಲ್ಲ.

ಈಗ ಉಳಿದಿರುವುದು ಹೀಟ್ ಟ್ರೀಟ್‌ಮೆಂಟಿನ ತೊಡಕು. ರಾತ್ರಿ ಮತ್ತು ಭಾನುವಾರಗಳನ್ನು ಕಾಲರೇಖೆಯಿಂದ ಕಿತ್ತುಹಾಕಿ, ಕೆಲಸದ ಗಂಟೆಗಳನ್ನು ಮಾತ್ರ ಒಂದರ ಪಕ್ಕ ಒಂದು ಜೋಡಿಸಿದ್ದೇನೆ. ದಿನಕ್ಕೆ 16 ಗಂಟೆಯಂತೆ ಎರಡು ದಿನವೆಂದರೆ 32 ಎಂದು ಹಾಕಿದ್ದೆ. ವಾಹನ ನಮ್ಮಲ್ಲಿಂದ ಬೆಳಿಗ್ಗೆ 11ಕ್ಕೆ ಮತ್ತು ಸಂಜೆ 5ಕ್ಕೆ ಹೊರಡುತ್ತದೆ, ಸಿದ್ಧವಾದ ಮಾಲನ್ನು ಅದೇ ವಾಹನ ಅದೇ ವೇಳೆಗೆ ತಂದಿಳಿಸುತ್ತದೆ, ಹೋಗಿ ಬರಲು 48 ಗಂಟೆ. ಭಾನುವಾರ ವಾಹನವಿಲ್ಲ, ಆದರೆ ಕುಲುಮೆ ಉರಿಯುತ್ತಿರುತ್ತದೆ. ಶನಿವಾರ 11ಕ್ಕೆ ಹೋದ ಶಾಫ್ಟು ಸೋಮವಾರ 11ಕ್ಕೆ ಬಂದಿಳಿದಿದ್ದರೂ ನನ್ನ ಸರದಿ ಅದನ್ನು ಮಂಗಳವಾರ 11ರವರೆಗೆ ಗ್ರೈಂಡರಿಗೆ ಕೊಡಲಿಲ್ಲ. ಇದನ್ನು ಹೇಗೆ ಸರಿಪಡಿಸಲಿ?

ಉತ್ತರ 4: ಸರಪಣಿ

ಕಾಲರೇಖೆಯನ್ನು ಕುಗ್ಗಿಸಿದ್ದು ಸರಿಯಾದ ಹೆಜ್ಜೆಯೇ. ಎಲ್ಲ ಯಂತ್ರಗಳಿಗೂ ಒಂದೇ ಶಿಫ್ಟು ಇರುವುದರಿಂದ, ರಾತ್ರಿ 10ಕ್ಕೆ ಅರ್ಧಕ್ಕೆ ನಿಂತ ಕೆಲಸ ಬೆಳಿಗ್ಗೆ 6ಕ್ಕೆ ಮುಂದುವರಿಯುವುದನ್ನು ಇಷ್ಟು ಸುಲಭವಾಗಿ ಹೇಳುವ ಬೇರೆ ದಾರಿಯಿಲ್ಲ. ಆದರೆ ಕುಲುಮೆಗೆ ನಿಮ್ಮ ಗಡಿಯಾರ ಅನ್ವಯಿಸುವುದಿಲ್ಲ, ಅದು ರಾತ್ರಿಯೂ ಭಾನುವಾರವೂ ಎಣಿಸುತ್ತಿರುತ್ತದೆ. ಹಾಗಾಗಿ ನಿಮ್ಮ ರೇಖೆಯ ಮೇಲೆ ಅದರ ಅವಧಿ ಸ್ಥಿರವಲ್ಲ, ಹೊರಟ ದಿನವನ್ನು ಅವಲಂಬಿಸಿ ಬದಲಾಗುತ್ತದೆ.

ನಿಮ್ಮ ಅದೃಷ್ಟಕ್ಕೆ ಹೊರಡುವ ವೇಳೆಗಳು ವಾರಕ್ಕೆ 12, ಎರಡು ವಾರಕ್ಕೆ 24 ಮಾತ್ರ. ಮೊದಲ ಸೋಮವಾರ ಬೆಳಿಗ್ಗೆ 6ನ್ನು ಸೊನ್ನೆ ಎಂದು ಹಿಡಿಯಿರಿ. ಸೋಮವಾರ 11ರ ವಾಹನ 5ನೆಯ ಗಂಟೆಗೆ ಹೊರಟು 37ಕ್ಕೆ ಮರಳುತ್ತದೆ, ಅಲ್ಲಿ 32 ಸರಿಯಾಗಿದೆ. ಶುಕ್ರವಾರ 11ರದ್ದು 69ಕ್ಕೆ ಹೊರಡುತ್ತದೆ, ಮಾಲು ಭಾನುವಾರ ಸಿದ್ಧವಾದರೂ ವಾಹನವಿಲ್ಲದ್ದರಿಂದ ಸೋಮವಾರ 11ಕ್ಕೆ, ಅಂದರೆ 101ಕ್ಕೆ ಬರುತ್ತದೆ. ಶುಕ್ರವಾರ ಸಂಜೆ 5ರದ್ದು 75ಕ್ಕೆ ಹೊರಟು ಅದೂ 101ಕ್ಕೇ ಬರುತ್ತದೆ. ಶನಿವಾರ 11ರದ್ದು 85ಕ್ಕೆ ಹೊರಟು 101ಕ್ಕೆ, ಸಂಜೆಯದ್ದು 91ಕ್ಕೆ ಹೊರಟು 107ಕ್ಕೆ. ಅವಧಿಗಳು ಕ್ರಮವಾಗಿ 32, 26, 16, 16. ಹೀಗೆ 24 ಜೋಡಿಗಳ ಎರಡು ಪಟ್ಟಿ ಮಾಡಿ: ಒಂದು ಹೊರಡುವ ಗಂಟೆಗಳದ್ದು, ಇನ್ನೊಂದು ಮರಳುವ ಗಂಟೆಗಳದ್ದು. ಹೊರಗೆ ಹೋಗುವ ಪ್ರತಿಯೊಂದು ಆರ್ಡರಿಗೂ 0ಯಿಂದ 23ರವರೆಗಿನ ಒಂದು ಸರದಿ ಸಂಖ್ಯೆಯ ಚರವಿಟ್ಟು, ಪಟ್ಟಿಯಲ್ಲಿ ಆ ಸಂಖ್ಯೆಯ ಸ್ಥಾನದಲ್ಲಿರುವ ಬೆಲೆಯನ್ನು ತೆಗೆದುಕೊಡುವ ಎಲಿಮೆಂಟ್ ನಿರ್ಬಂಧದಿಂದ ಅದನ್ನು ಎರಡೂ ಪಟ್ಟಿಗಳಿಗೆ ಜೋಡಿಸಿ. ಹಿಂದಿನ ಹಂತ ಹೊರಡುವ ಗಂಟೆಯೊಳಗೆ ಮುಗಿಯಬೇಕು, ಗ್ರೈಂಡಿಂಗ್ ಮರಳುವ ಗಂಟೆಗೆ ಮೊದಲು ಶುರುವಾಗಬಾರದು. ಎರಡನೆಯ ವಾರದ ಕೊನೆಯ ವಾಹನಗಳು ಮರಳುವುದು ಮೂರನೆಯ ವಾರದಲ್ಲಿ, ಹಾಗಾಗಿ ಕಾಲರೇಖೆಯ ಗಡಿಯನ್ನು ಅಷ್ಟರಮಟ್ಟಿಗೆ ಮುಂದಕ್ಕೆ ಸರಿಸಲು ಮರೆಯಬೇಡಿ, ಮರೆತರೆ ಮತ್ತೆ ಅಸಾಧ್ಯ ಎಂಬ ಉತ್ತರವೇ ಬರುತ್ತದೆ.

ಈ ಪಟ್ಟಿಯನ್ನು ಬರೆಯುವಾಗಲೇ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಶುಕ್ರವಾರದ ಎರಡು ವಾಹನಗಳಲ್ಲಿ ಹೋದದ್ದು, ಶನಿವಾರ 11ಕ್ಕೆ ಹೋದದ್ದು, ಎಲ್ಲವೂ ಮರಳುವುದು ಒಂದೇ ಗಂಟೆಗೆ. ಅಂದಮೇಲೆ ಶುಕ್ರವಾರ 11ರ ವಾಹನ ಹಿಡಿಯಲೆಂದು ಹಾಬಿಂಗಿನಲ್ಲಿ ಮಾಡ್ಯೂಲ್ ಬದಲಿಸಿ ಒಂದೂವರೆ ಗಂಟೆಯ ಸೆಟ್ಟಿಂಗ್ ಮಾಡಿಸುವುದು ವ್ಯರ್ಥ. ಒಂದೇ ಮಾಡ್ಯೂಲಿನ ಗೇರುಗಳನ್ನು ಸಾಲಾಗಿ ಮುಗಿಸಿ ಶನಿವಾರ ಬೆಳಿಗ್ಗೆ ಕಳುಹಿಸಿದರೂ ಅವು ಗ್ರೈಂಡರಿಗೆ ತಲುಪುವ ವೇಳೆ ಬದಲಾಗುವುದಿಲ್ಲ. ಇನ್ನೊಂದು ಕಡೆ, ಸೋಮವಾರ 11ಕ್ಕೆ ಮೂರು ವಾಹನಗಳ ಮಾಲು ಒಟ್ಟಿಗೆ ಬಂದಿಳಿಯುತ್ತದೆ, ಅದೇ ದಿನ ಬೆಳಿಗ್ಗೆ 6ರಿಂದ 11ರವರೆಗೆ ಗ್ರೈಂಡರುಗಳು ಖಾಲಿ ಕುಳಿತಿರಬಹುದು. ಹೀಟ್ ಟ್ರೀಟ್‌ಮೆಂಟ್ ಬೇಕಿಲ್ಲದ ಶಾಫ್ಟುಗಳಲ್ಲಿ ಎರಡು ಮೂರನ್ನು ಆ ಐದು ಗಂಟೆಗೆಂದು ಸಾಲ್ವರು ಉಳಿಸಿಟ್ಟುಕೊಂಡಿದೆಯೇ ಎಂದು ಹೊಸ ಸರದಿಯಲ್ಲಿ ಮೊದಲು ನೋಡಿ. ಉಳಿಸಿಟ್ಟಿದ್ದರೆ ಪಟ್ಟಿ ಸರಿಯಾಗಿ ಜೋಡಣೆಯಾಗಿದೆ ಎಂದು ತಿಳಿಯಬಹುದು. ಉಳಿಸದಿದ್ದರೆ ಆ ಎರಡು ಪಟ್ಟಿಗಳನ್ನೂ ಎಲಿಮೆಂಟ್ ಬರೆದ ಸಾಲುಗಳನ್ನೂ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.